ಪರೀಕ್ಷಿಸಿ ನಂಬಿದ ಮಹಾಮುನಿ ಶ್ರೀ ಸಮಂತಭದ್ರಾಚಾರ್ಯರು

ಜಿನಬಿಂಬದ ಪ್ರತಿಷ್ಠೆಯೆಂಬುದು ಶ್ರದ್ಧೆಯ ಮಹೋತ್ಸವ. ಆ ಶ್ರದ್ಧೆಯು ಎಂತಹುದಾಗಿರಬೇಕೆಂಬುದನ್ನು ಬಾಳಿನಿಂದಲೂ ಗ್ರಂಥಗಳಿಂದಲೂ ತೋರಿಸಿಕೊಟ್ಟ ಪ್ರಾತಃಸ್ಮರಣೀಯರಲ್ಲಿ ಶ್ರೀ ಸಮಂತಭದ್ರಾಚಾರ್ಯರು ಅಗ್ರಗಣ್ಯರು. ವಿದ್ವಾಂಸರು ಅವರ ಕಾಲವನ್ನು ಕ್ರಿ.ಶ. 2ನೆಯ ಶತಮಾನದಿಂದ 6ನೆಯ ಶತಮಾನದವರೆಗೆ ಬೇರೆ ಬೇರೆಯಾಗಿ ಎಣಿಸಿದ್ದಾರೆ. ಪೂಜ್ಯಪಾದರು ಜೈನೇಂದ್ರ ವ್ಯಾಕರಣದಲ್ಲಿ ಅವರ ಹೆಸರನ್ನೆತ್ತಿದ್ದಾರೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಕವಿಗಳು, ಗಮಕಿಗಳು, ವಾದಿಗಳು, ವಾಗ್ಮಿಗಳು ಎಲ್ಲರಿಗೂ ಅವರ ಕೀರ್ತಿಯೇ ಶಿರೋಭೂಷಣವೆಂದು ಕೊಂಡಾಡಿದ್ದಾರೆ.

ಆಚಾರ್ಯರು ರಾಜಮನೆತನದಲ್ಲಿ ಜನಿಸಿ, ಸಂಸಾರವನ್ನು ತೊರೆದು ದೀಕ್ಷೆ ಕೈಗೊಂಡರೆಂಬುದು ಪರಂಪರೆಯಿಂದ ಬಂದ ಮಾತು. 19ನೆಯ ಶತಮಾನದಲ್ಲಿ ದೇವಚಂದ್ರನು ಬರೆದ ರಾಜಾವಳೀ ಕಥೆಯಲ್ಲಿ ಅವರ ವೃತ್ತಾಂತವು ಹೃದಯಂಗಮವಾಗಿ ಬಂದಿದೆ. ಮಣುವಕಹಳ್ಳಿಯಲ್ಲಿ ತಪೋನಿರತರಾಗಿದ್ದಾಗ ಅವರಿಗೆ ಭಸ್ಮಕವೆಂಬ ವ್ಯಾಧಿ ತಗುಲಿತು. ಉಂಡ ಅನ್ನವು ಕ್ಷಣದಲ್ಲಿ ಬೂದಿಯಾಗಿ, ಎಷ್ಟು ಉಂಡರೂ ಹಸಿವು ತಣಿಯದ ರೋಗವದು. ದಿನಕ್ಕೊಂದು ಬಾರಿ ನಿಂತು, ಕೈಯಲ್ಲಿಯೇ ಆಹಾರ ಸ್ವೀಕರಿಸುವ ಮುನಿಗೆ ಅದಕ್ಕಿಂತ ಘೋರವಾದ ಪರೀಕ್ಷೆ ಯಾವುದು? ವ್ರತಭಂಗಕ್ಕಿಂತ ಮರಣವೇ ಲೇಸೆಂದು ಬಗೆದು ಅವರು ಗುರುಗಳಲ್ಲಿ ಸಲ್ಲೇಖನದ ಅಪ್ಪಣೆ ಬೇಡಿದರು. ಶಿಷ್ಯನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವನ್ನು ಮನಗಂಡಿದ್ದ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ತೊರೆದು, ರೋಗವನ್ನು ಕಳೆದುಕೊಂಡು, ಮರಳಿ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು.

ಆಚಾರ್ಯರು ಗುರುವಾಕ್ಯಕ್ಕೆ ತಲೆಬಾಗಿದರು. ಕಂಚಿಗೆ ತೆರಳಿ, ಅಲ್ಲಿಯ ಶಿವಾಲಯದ ಹೇರಳವಾದ ನೈವೇದ್ಯದಿಂದ ದಿನದಿನವೂ ಹಸಿವನ್ನು ತಣಿಸಿಕೊಂಡರು. ರೋಗವು ಶಮನವಾಗುತ್ತ ಬಂದಂತೆ ನೈವೇದ್ಯವು ಉಳಿಯತೊಡಗಿತು. ಸಂಶಯಗೊಂಡ ಶಿವಕೋಟಿ ಮಹಾರಾಜನು ದೇವರಿಗೆ ನಮಸ್ಕರಿಸುವಂತೆ ಕಟ್ಟಪ್ಪಣೆ ಮಾಡಿದನು. ಆಗ ಆಚಾರ್ಯರು ಇಪ್ಪತ್ತನಾಲ್ಕು ತೀರ್ಥಂಕರರನ್ನು ಕುರಿತ ಸ್ವಯಂಭೂ ಸ್ತೋತ್ರವನ್ನು ರಚಿಸುತ್ತ, ಎಂಟನೆಯವರಾದ ಚಂದ್ರಪ್ರಭ ಸ್ವಾಮಿಯನ್ನು ಸ್ತುತಿಸುವಾಗ ಜಿನಬಿಂಬವು ಪ್ರಕಟವಾಯಿತೆಂದೂ ಅರಸನು ಅವರ ಶಿಷ್ಯನಾದನೆಂದೂ ಕಥೆ ಹೇಳುತ್ತದೆ. ಬಳಿಕ ಅವರು ಮರಳಿ ದೀಕ್ಷೆ ಪಡೆದರು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯು ಈ ವ್ಯಾಧಿಯ ಪ್ರಸಂಗವನ್ನು ಸ್ಮರಿಸಿದೆ. ಪಾಟಲಿಪುತ್ರ, ಮಾಳವ, ಸಿಂಧು, ಠಕ್ಕ, ಕಂಚಿ, ವಿದಿಶೆಗಳಲ್ಲಿ ವಾದಭೇರಿಯನ್ನು ಹೊಡೆದು, ಈಗಿನ ಕರಾಡವಾದ ಕರಹಾಟಕಕ್ಕೆ ಅವರು ಬಂದುದನ್ನೂ ಹೇಳಿದೆ.

ಇಂತಹ ಅತಿಶಯದ ಕಥೆಗೆ ನಾಯಕರಾದ ಆಚಾರ್ಯರೇ ಅತಿಶಯಗಳನ್ನು ನಂಬಿಕೆಗೆ ಆಧಾರವೆಂದು ಒಪ್ಪಲಿಲ್ಲವೆಂಬುದು ಮನನೀಯವಾದ ಸಂಗತಿ. ದೇವಾಗಮ ಸ್ತೋತ್ರವೆಂದೂ ಹೆಸರಾದ ಆಪ್ತಮೀಮಾಂಸೆಯು 10 ಪರಿಚ್ಛೇದಗಳ, 114 ಕಾರಿಕೆಗಳ ಕಿರಿಯ ಗ್ರಂಥ. ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರಾದಿ ವೈಭವಗಳು ಇಂದ್ರಜಾಲಿಗರಲ್ಲಿಯೂ ಕಂಡುಬರುತ್ತವೆ. ಆದುದರಿಂದ ಅವುಗಳಿಗಾಗಿ ಜಿನನು ಮಹಾತ್ಮನಲ್ಲ ಎಂದು ಸಾಕ್ಷಾತ್ ಜಿನನನ್ನೇ ಸಂಬೋಧಿಸಿ ಅವರು ಆರಂಭಿಸುತ್ತಾರೆ. ಹಾಗಾದರೆ ಜಿನನು ಪೂಜ್ಯನೇಕೆ? ಅವನು ದೋಷರಹಿತನು, ಅವನ ವಚನವು ಯುಕ್ತಿಗೂ ಶಾಸ್ತ್ರಕ್ಕೂ ವಿರುದ್ಧವಾಗದು. ಆಚಾರ್ಯರು ಕಂಡುಕೊಂಡ ಉತ್ತರವಿದು. ಬ್ಯಾಡಗಿಯ ಪೇಟೆಯಲ್ಲಿ ಚೀಲ ಬಿಚ್ಚಿ, ಮೆಣಸಿನಕಾಯಿಯ ಬಣ್ಣ ನೋಡಿಯೇ ಬೆಲೆ ಕಟ್ಟುತ್ತಾರೆ. ಒಂದು ಚೀಲ ಕಾಯಿಗೆ ಇಷ್ಟು ಎಚ್ಚರಿಕೆ ಬೇಕಾದರೆ, ಜನ್ಮಜನ್ಮಾಂತರದ ಹಿತವನ್ನು ಒಪ್ಪಿಸುವಲ್ಲಿ ಎಷ್ಟು ಎಚ್ಚರಿಕೆ ಬೇಡ?

ಆದರೆ ಆಚಾರ್ಯರು ಬರಿಯ ತರ್ಕವಾದಿಗಳಲ್ಲ. ಎಲ್ಲವೂ ತರ್ಕದಿಂದಲೇ ಸಿದ್ಧವೆಂದರೆ ಕಣ್ಣಾರೆ ಕಂಡುದಕ್ಕೂ ಬೆಲೆಯಿಲ್ಲದಾಗುತ್ತದೆ. ಎಲ್ಲವೂ ಆಗಮದಿಂದಲೇ ಸಿದ್ಧವೆಂದರೆ ಪರಸ್ಪರ ವಿರುದ್ಧವಾದ ಮತಗಳೆಲ್ಲವೂ ನಿಜವಾಗಬೇಕಾಗುತ್ತದೆ. ಹೇಳುವವನು ಆಪ್ತನಲ್ಲದಿದ್ದಲ್ಲಿ ಯುಕ್ತಿಯಿಂದ ನಿರ್ಣಯಿಸಬೇಕು. ಆಪ್ತನೆಂದು ನಿಶ್ಚಯವಾದಲ್ಲಿ ಅವನ ವಚನವನ್ನು ನಂಬಬೇಕು. ಎರಡಕ್ಕೂ ಅವರವರ ಎಡೆಯುಂಟೆಂಬುದೇ ಅನೇಕಾಂತ. ಇದನ್ನು ತಿಳಿಸಲು ಅವರು ಕೊಟ್ಟ ದೃಷ್ಟಾಂತವು ವ್ಯಾಪಾರಿಗಳಿಗೂ ಸುಲಭವಾದುದು. ಚಿನ್ನದ ಕಲಶವನ್ನು ಮುರಿದು ಕಿರೀಟ ಮಾಡಿಸಿದಾಗ ಕಲಶ ಬೇಕಾದವನು ದುಃಖಿಸುತ್ತಾನೆ, ಕಿರೀಟ ಬೇಕಾದವನು ಹಿಗ್ಗುತ್ತಾನೆ, ಚಿನ್ನ ಬೇಕಾದವನು ಸುಮ್ಮನಿರುತ್ತಾನೆ. ವಸ್ತುವು ಒಂದೇ, ಅದರಲ್ಲಿ ನಾಶ, ಉತ್ಪತ್ತಿ, ಸ್ಥಿತಿಗಳು ಮೂರೂ ಇವೆ. ಈ ಕಿರಿಯ ಗ್ರಂಥಕ್ಕೆ 8ನೆಯ ಶತಮಾನದ ಅಕಲಂಕದೇವರು ಅಷ್ಟಶತಿಯನ್ನೂ, ಅನಂತರ ವಿದ್ಯಾನಂದರು ಅಷ್ಟಸಹಸ್ರಿಯನ್ನೂ ರಚಿಸಿದರು.

ಶ್ರಾವಕರಿಗಾಗಿ ಅವರು ಬರೆದ ರತ್ನಕರಂಡಕದಲ್ಲಿ ಸಮ್ಯಗ್ದರ್ಶನದ ಮೊದಲ ಅಂಗವು ನಿಃಶಂಕೆ. ಪರೀಕ್ಷಿಸೆಂದವರೇ ಶಂಕಿಸಬೇಡವೆಂದರೇ ಎಂದು ಕೆಲವರಿಗೆ ತೋರಬಹುದು. ಒರೆಗೆ ಹಚ್ಚಿ ನೋಡಿದ ಚಿನ್ನದಲ್ಲಿ ಮಾತ್ರ ಸಂದೇಹ ಉಳಿಯದು. ಪರೀಕ್ಷೆಯಿಂದ ಬಂದ ನಿಃಶಂಕೆಯೇ ಸ್ಥಿರವಾದುದು; ಪ್ರಶ್ನೆ ಕೇಳಿದ ಮಗನನ್ನು ಗದರಿಸಿ ಸುಮ್ಮನಾಗಿಸಿದರೆ ಅದು ಬರಲಾರದು. ಅದೇ ಗ್ರಂಥವು ಲೋಕಮೂಢತೆ, ದೇವಮೂಢತೆ, ಗುರುಮೂಢತೆಗಳನ್ನು ತ್ಯಜಿಸಹೇಳುತ್ತದೆ. ಕುಲ, ಜಾತಿ, ಐಶ್ವರ್ಯವೇ ಮೊದಲಾದ ಎಂಟು ಮದಗಳನ್ನು ನಿಷೇಧಿಸುತ್ತದೆ. ಸಮ್ಯಗ್ದರ್ಶನವುಳ್ಳವನು ಚಾಂಡಾಲಕುಲದಲ್ಲಿ ಹುಟ್ಟಿದ್ದರೂ ದೇವಸಮಾನನೆನ್ನುತ್ತದೆ. ಮೋಹವಿಲ್ಲದ ಗೃಹಸ್ಥನು ಮೋಹವುಳ್ಳ ಮುನಿಗಿಂತ ಮೇಲೆನ್ನುತ್ತದೆ. ವಿಚಾರಪೂರ್ವಕವಾದ ಶ್ರದ್ಧೆಗೆ ಇಷ್ಟು ಧೈರ್ಯವುಂಟು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಶ್ರಾವಕರಿಗೆ ಈ ವಿಚಾರಧಾರೆ ದೂರದ್ದಲ್ಲ. ಜಿಲ್ಲೆಯ ಬಂಕಾಪುರದಲ್ಲಿಯೇ, ಬಂಕೇಯನ ಮಗ ಲೋಕಾದಿತ್ಯನು ಆಳುತ್ತಿದ್ದಾಗ, ಶಕ 820ರಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಯುಕ್ತಿ ಮತ್ತು ಆಗಮಗಳೆರಡರಿಂದಲೂ ಸ್ಥಿರವಾದ ದಯಾಮಯ ಧರ್ಮವನ್ನು ಹಟವಿಲ್ಲದೆ ವಿಚಾರಿಸಿ ಸ್ವೀಕರಿಸುವವನೇ ಉಪದೇಶಕ್ಕೆ ಅರ್ಹನೆಂದು ಆ ಗುಣಭದ್ರರೂ ತಮ್ಮ ಆತ್ಮಾನುಶಾಸನದಲ್ಲಿ ವಿಧಿಸಿದ್ದಾರೆ.

ಹಾಗಿದ್ದರೆ ರಾಗದ್ವೇಷಗಳಿಲ್ಲದ ಜಿನನಿಗೆ ಬಿಂಬವೇಕೆ, ಅಭಿಷೇಕವೇಕೆ? ಸ್ವಯಂಭೂ ಸ್ತೋತ್ರದ ವಾಸುಪೂಜ್ಯ ಸ್ತುತಿಯಲ್ಲಿ ಆಚಾರ್ಯರು ಅದಕ್ಕೂ ಸಮಾಧಾನ ಕೊಟ್ಟಿದ್ದಾರೆ. ವೀತರಾಗನಿಗೆ ಪೂಜೆಯಿಂದ ಆಗಬೇಕಾದುದೇನೂ ಇಲ್ಲ, ನಿಂದೆಯಿಂದ ಕುಂದೂ ಇಲ್ಲ. ಆದರೂ ಅವನ ಗುಣಸ್ಮರಣೆಯು ಸ್ಮರಿಸುವವನ ಚಿತ್ತದ ಪಾಪಮಲವನ್ನು ತೊಳೆಯುತ್ತದೆ. ಬಸದಿಯಲ್ಲಿ ಬಿಂಬವನ್ನು ನೆಲೆಗೊಳಿಸುವುದು ವರ ಬೇಡುವುದಕ್ಕಲ್ಲ. ಆ ಗುಣಗಳನ್ನು ಮನದಲ್ಲಿ ನೆಲೆಗೊಳಿಸುವುದಕ್ಕೆ. ಇದನ್ನರಿತು ಕೈಮುಗಿಯುವವನ ಭಕ್ತಿಯನ್ನು ಯಾವ ವಾದವೂ ಅಲುಗಿಸಲಾರದು.