ಸಂಕೋಲೆಯಿಂದ ಸೇವೆಗೆ: ಸಂತ ಜಾನ್ ಆಫ್ ಗಾಡ್

ಮಾರ್ಚ್ 8ರಂದು ಧರ್ಮಸಭೆ ಸಂತ ಜಾನ್ ಆಫ್ ಗಾಡ್ ಅವರ ಹಬ್ಬವನ್ನು ಆಚರಿಸುತ್ತದೆ. ಆಸ್ಪತ್ರೆಗಳ, ರೋಗಿಗಳ ಹಾಗೂ ದಾದಿಯರ ಪಾಲಕ ಸಂತರೆಂದು ನಾವು ಅವರನ್ನು ಬಲ್ಲೆವು. ಆದರೆ ಆಸ್ಪತ್ರೆ ಕಟ್ಟುವ ಮೊದಲು ಅವರೇ ಹುಚ್ಚರೆಂದು ಬಂಧಿಸಲ್ಪಟ್ಟಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

1495ರಲ್ಲಿ ಪೋರ್ಚುಗಲ್‌ನಲ್ಲಿ ಹುಟ್ಟಿದ ಅವರು ಎಳೆಯ ಪ್ರಾಯದಲ್ಲೇ ಮನೆ ಬಿಟ್ಟು ಸ್ಪೇನಿಗೆ ಬಂದರು. ಕುರಿ ಕಾಯ್ದರು, ಸೈನಿಕರಾದರು, ಕೂಲಿ ಮಾಡಿದರು. ನಲ್ವತ್ತು ದಾಟಿದ ಮೇಲೆ ಗ್ರನಾಡ ನಗರದಲ್ಲಿ ಪುಸ್ತಕದಂಗಡಿ ಇಟ್ಟರು. ಅಲ್ಲಿ ಸಂತ ಸೆಬಾಸ್ಟಿಯನ್ನರ ಹಬ್ಬದಂದು ಆವಿಲದ ಜಾನ್ ಎಂಬ ಗುರುಗಳ ಪ್ರವಚನ ಕೇಳಿ ಅವರ ಮನಸ್ಸು ಕದಡಿಹೋಯಿತು. ಬೀದಿಯಲ್ಲಿ ಕೂಗುತ್ತಾ ಓಡಿದರು, ಪುಸ್ತಕ ಹರಿದರು, ಇದ್ದುದನ್ನೆಲ್ಲ ಹಂಚಿಬಿಟ್ಟರು. ಜನರು ಅವರನ್ನು ರಾಜ ಆಸ್ಪತ್ರೆಗೆ ಸೇರಿಸಿದರು. ಕಟ್ಟಿಹಾಕಿ ಚಾಟಿಯಿಂದ ಹೊಡೆಯುವುದೇ ಆಗಿನ ಚಿಕಿತ್ಸೆ. ಅದು ರೋಗವೋ, ಪಶ್ಚಾತ್ತಾಪದ ತೀವ್ರತೆಯೋ ಎಂಬ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ.

ಅವರು ಎದ್ದು ನಿಂತದ್ದು ಹೇಗೆ? ಆವಿಲದ ಗುರುಗಳು ಅವರ ಕೈಬಿಡಲಿಲ್ಲ. ಆಸ್ಪತ್ರೆಯೊಳಗೇ ಗುಡಿಸುವ, ಇತರ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಅವರಿಗೆ ಸಿಕ್ಕಿತು. ಹೊರಬಂದ ಮೇಲೆ ಸೌದೆ ಮಾರಿದರು. ಊರಿನವರ ಸಂಶಯ ತೀರಲೆಂದು ಕಾದು ಕೂರಲಿಲ್ಲ. ಬಾಡಿಗೆ ಮನೆಯೊಂದರಲ್ಲಿ ದಿಕ್ಕಿಲ್ಲದ ರೋಗಿಗಳನ್ನು ಸೇರಿಸಿಕೊಂಡರು, ಬುಟ್ಟಿ ಹೊತ್ತು ಬೀದಿ ಬೀದಿ ಬೇಡಿ ಅವರನ್ನು ಸಾಕಿದರು. ಬಿಷಪರೊಬ್ಬರು ಅವರಿಗೆ ಜಾನ್ ಆಫ್ ಗಾಡ್ ಎಂಬ ಹೆಸರು ನೀಡಿದರು. 1549ರಲ್ಲಿ ರಾಜ ಆಸ್ಪತ್ರೆಗೆ ಬೆಂಕಿ ಬಿದ್ದಾಗ, ಒಮ್ಮೆ ತಮ್ಮನ್ನು ಕಟ್ಟಿಹಾಕಿದ್ದ ಅದೇ ಕಟ್ಟಡದೊಳಗೆ ನುಗ್ಗಿ ರೋಗಿಗಳನ್ನು ಹೊರತಂದರು. 1550ರ ಮಾರ್ಚ್ 8ರಂದು ನಿಧನರಾದರು. ಅವರ ಸಂಗಡಿಗರ ಬಳಗಕ್ಕೆ 1572ರಲ್ಲಿ ಪೋಪ್ ಐದನೇ ಪಿಯುಸ್ ಮಾನ್ಯತೆ ನೀಡಿದರು. 1690ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಇಂದು ವೈಯಕ್ತಿಕ ಚೇತರಿಕೆ ಎಂಬ ಮಾತಿದೆ. ರೋಗದ ಲಕ್ಷಣಗಳು ಪೂರ್ತಿ ಮಾಯವಾಗದಿದ್ದರೂ ಅರ್ಥಪೂರ್ಣವಾಗಿ ಬಾಳುವುದು ಎಂದು ಅದರ ತಾತ್ಪರ್ಯ. ಅದಕ್ಕೆ ಐದು ಆಧಾರಗಳನ್ನು ಹೇಳುತ್ತಾರೆ: ಜನರ ಒಡನಾಟ, ಭರವಸೆ, ರೋಗಿ ಎಂಬುದಕ್ಕಿಂತ ಬೇರೆಯಾದ ಗುರುತು, ಬದುಕಿಗೊಂದು ಉದ್ದೇಶ, ತನ್ನ ನಿರ್ಧಾರ ತಾನೇ ಕೈಗೊಳ್ಳುವ ಶಕ್ತಿ. ಈ ಸಂತರ ಬಾಳಿನಲ್ಲಿ ಐದನ್ನೂ ನಾವು ಕಾಣುತ್ತೇವೆ.

ವೈದ್ಯರು, ಔಷಧಿ ಖಂಡಿತ ಬೇಕು. ಆದರೆ ಔಷಧಿ ಅಂಗಡಿಯಲ್ಲಿ ಸಿಗದಿರುವುದನ್ನು ಕೊಡಬೇಕಾದವರು ನಾವು. ಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ನಾವು ಕನಿಕರದಿಂದ ಮಾತನಾಡಿಸುತ್ತೇವೆ, ಆದರೆ ಜವಾಬ್ದಾರಿ ವಹಿಸಲು ಹಿಂಜರಿಯುತ್ತೇವೆ. ವಾಳೆಯ ಕೂಟಕ್ಕೆ ಕರೆಯುವುದಿಲ್ಲ, ಗಾಯನ ಮಂಡಳಿಯಲ್ಲಿ ಅವರ ಜಾಗ ಬೇರೆಯವರಿಗೆ ಹೋಗಿರುತ್ತದೆ. ಪೂರ್ತಿ ಗುಣವಾಗಲಿ, ಆಮೇಲೆ ನೋಡೋಣ ಎನ್ನುತ್ತೇವೆ. ಗ್ರನಾಡದವರೂ ಹಾಗೆಯೇ ಕಾದಿದ್ದರೆ ರೋಗಿಗಳಿಗೆ ಈ ಸಂತರು ಸಿಗುತ್ತಿರಲಿಲ್ಲ. ಅವರಿಗೇನು ಇಷ್ಟವೆಂದು ಅವರನ್ನೇ ಕೇಳೋಣ, ಅವರ ಜಾಗವನ್ನು ಅವರಿಗೆ ಬಿಟ್ಟುಕೊಡೋಣ.