ರಾತ್ರಿ ಮೊಬೈಲ್ ಆಫ್ ಮಾಡಬೇಕೇ? ಕಾಸ್ಮಿಕ್ ಕಿರಣಗಳ ಲೆಕ್ಕ ಬಿಡಿಸಿದ ಹೋಮಿ ಭಾಭಾ

ಇಂದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆವರೆಗೆ ಅಪಾಯಕಾರಿ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರವಿಟ್ಟು ಮಲಗಿ ಎಂಬ ಮೆಸೇಜ್ ವರ್ಷಗಳಿಂದ ಸುತ್ತುತ್ತಲೇ ಇದೆ. ನಾಸಾ, ಬಿಬಿಸಿ ಹೆಸರನ್ನೂ ಅದಕ್ಕೆ ಅಂಟಿಸಿರುತ್ತಾರೆ. ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ಇದೇ ಕಿರಣಗಳನ್ನು ನಮ್ಮ ಬೆಂಗಳೂರಿನಲ್ಲೇ ಅಳೆದ ವಿಜ್ಞಾನಿ ಹೋಮಿ ಜಹಾಂಗೀರ್ ಭಾಭಾ. ಅವರ ಬದುಕಿನ ಕಥೆಯಲ್ಲೇ ಈ ಮೆಸೇಜಿಗೆ ಉತ್ತರವಿದೆ.

ಎಂಜಿನಿಯರ್ ಆಗಬೇಕಿದ್ದ ಹುಡುಗ

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈಯ ಪಾರ್ಸಿ ಕುಟುಂಬದಲ್ಲಿ. ಮಗ ಎಂಜಿನಿಯರ್ ಆಗಿ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. 1927ರಲ್ಲಿ ಕೇಂಬ್ರಿಡ್ಜ್‌ಗೆ ಹೋದ ಅವರು 1930ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದರು. ಆದರೆ ಮನಸ್ಸಿದ್ದದ್ದು ಭೌತವಿಜ್ಞಾನದಲ್ಲಿ. ತಂದೆಯ ಒಪ್ಪಿಗೆ ಪಡೆದು ಅತ್ತ ಹೊರಳಿದರು.

ಆಗ ಕಾಸ್ಮಿಕ್ ಕಿರಣ ದೊಡ್ಡ ಒಗಟು. ಹೆಸರಿಗೆ ಕಿರಣವಾದರೂ ಇವು ಬಾಹ್ಯಾಕಾಶದಿಂದ ನುಗ್ಗಿ ಬರುವ, ವಿದ್ಯುದಾವೇಶವಿರುವ ಕಣಗಳು. ಕಣ್ಣಿಗೇ ಕಾಣದ ಕಣ ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ಪತ್ತೆ ಹಚ್ಚುವುದು ಹೇಗೆ?

ತೆಂಗಿನಕಾಯಿಯ ಲೆಕ್ಕ

ಹೆಬ್ಬೂರಿನ ತೋಟದಲ್ಲಿ 20 ಮೀಟರ್ ಎತ್ತರದ ತೆಂಗಿನ ಮರದಿಂದ ಕಾಯಿ ಬಿತ್ತು ಎನ್ನಿ. ಮೇಲಿದ್ದಾಗ ಎತ್ತರದಿಂದ ಅದಕ್ಕಿದ್ದ ಶಕ್ತಿ, ಕೆಳಗೆ ಬರುವಷ್ಟರಲ್ಲಿ ವೇಗದ ಶಕ್ತಿಯಾಗಿ ಬದಲಾಗುತ್ತದೆ. ಒಟ್ಟು ಮೊತ್ತ ಮಾತ್ರ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ಇದೇ ಶಕ್ತಿ ಸಂರಕ್ಷಣೆಯ ನಿಯಮ. ಗಾಳಿಯ ತಡೆ ಬಿಟ್ಟರೆ, ನೆಲ ಮುಟ್ಟುವಾಗ ಕಾಯಿಯ ವೇಗ ಗಂಟೆಗೆ ಸುಮಾರು 70 ಕಿ.ಮೀ. ಎತ್ತರ ಗೊತ್ತಿದ್ದರೆ ಸಾಕು, ಗಡಿಯಾರ ಬೇಕಿಲ್ಲ.

ಆವೇಶವಿರುವ ಕಣಕ್ಕೆ ವೋಲ್ಟೇಜ್ ವ್ಯತ್ಯಾಸವೇ ಮರದ ಎತ್ತರ. ಆವೇಶವನ್ನು ವೋಲ್ಟ್‌ನಿಂದ ಗುಣಿಸಿದರೆ ಕಣಕ್ಕೆ ಸಿಕ್ಕ ಶಕ್ತಿ ಗೊತ್ತಾಗುತ್ತದೆ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೂ ಅದೇ ಮೊತ್ತ ಬರಬೇಕು. ನಿಂತಿದ್ದ ಎಲೆಕ್ಟ್ರಾನ್‌ಗೆ 1 ವೋಲ್ಟ್ ಸಿಕ್ಕರೆ ವೇಗ ಸೆಕೆಂಡಿಗೆ ಸುಮಾರು 593 ಕಿ.ಮೀ.; 100 ವೋಲ್ಟ್ ಸಿಕ್ಕರೆ ಅದರ ಹತ್ತು ಪಟ್ಟು.

ಆದರೆ 2.56 ಲಕ್ಷ ವೋಲ್ಟ್ ಹತ್ತಿರ ಈ ಸರಳ ಸೂತ್ರ ಎಡವುತ್ತದೆ. ಎಲೆಕ್ಟ್ರಾನ್ ಬೆಳಕಿನ ವೇಗವನ್ನೇ ಮುಟ್ಟಿತು ಎನ್ನುತ್ತದೆ ಸೂತ್ರ. ನಿಜವಾದ ವೇಗ ಅದರ ಮುಕ್ಕಾಲು ಭಾಗ ಮಾತ್ರ. ಶಕ್ತಿಯ ನಿಯಮ ಇಲ್ಲೂ ಮುರಿಯುವುದಿಲ್ಲ. ಶಕ್ತಿಯನ್ನು ವೇಗಕ್ಕೆ ಜೋಡಿಸಲು ಐನ್‌ಸ್ಟೈನ್ ಅವರ ಸೂತ್ರ ಬೇಕು, ಅಷ್ಟೇ.

ಕಾಸ್ಮಿಕ್ ಕಿರಣಗಳಿರುವುದು ಈ ಭಾರಿ ವೇಗದ ಲೋಕದಲ್ಲಿ. 1937ರಲ್ಲಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್, ಒಂದು ಕಣದ ಶಕ್ತಿ ವಾತಾವರಣದಲ್ಲಿ ಹಲವು ಕಣಗಳಿಗೆ ಹಂಚಿಹೋಗಿ ತುಂತುರಿನಂತೆ ಸುರಿಯುವುದು ಹೇಗೆ ಎಂದು ಲೆಕ್ಕ ಹಾಕಿ ತೋರಿಸಿದರು. ಮರುವರ್ಷ ಭಾಭಾ ಇನ್ನೊಂದು ಸೂಕ್ಷ್ಮ ಗುರುತಿಸಿದರು: ಈ ಕಿರಣಗಳಲ್ಲಿ ಸಿಗುವ ಅಲ್ಪಾಯುಷಿ ಕಣಗಳು ವೇಗವಾಗಿ ಹೋಗುವಾಗ ಹೆಚ್ಚು ಕಾಲ ಬದುಕಬೇಕು, ಅದು ಐನ್‌ಸ್ಟೈನ್ ಸಿದ್ಧಾಂತಕ್ಕೆ ನೇರ ಸಾಕ್ಷಿಯಾಗುತ್ತದೆ.

ಮ್ಯೂಯಾನ್ ಅಂಥದ್ದೊಂದು ಕಣ. ಅದರ ಸರಾಸರಿ ಆಯುಷ್ಯ ಸೆಕೆಂಡಿನ 10 ಲಕ್ಷದಲ್ಲಿ 2.2 ಭಾಗ. ಅಷ್ಟರಲ್ಲಿ ಬೆಳಕೇ 660 ಮೀಟರ್ ಹೋಗುತ್ತದೆ. ಆದರೂ ಸುಮಾರು 15 ಕಿ.ಮೀ. ಎತ್ತರದಲ್ಲಿ ಹುಟ್ಟಿದ ಮ್ಯೂಯಾನ್‌ಗಳು ನೆಲ ಮುಟ್ಟುತ್ತವೆ. ಕಾರಣ, ಅವುಗಳ ವೇಗ ಬೆಳಕಿನ ವೇಗದ ಶೇ 99.9ಕ್ಕೂ ಹೆಚ್ಚು.

ಬೆಂಗಳೂರಿನ ವರ್ಷಗಳು

1939ರಲ್ಲಿ ಭಾಭಾ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ಕೇಂಬ್ರಿಡ್ಜ್‌ಗೆ ಮರಳುವುದು ಕೈಬಿಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸಿ.ವಿ. ರಾಮನ್ ಇದ್ದ ಭೌತವಿಜ್ಞಾನ ವಿಭಾಗದಲ್ಲಿ ಕಾಸ್ಮಿಕ್ ಕಿರಣ ಸಂಶೋಧನಾ ಘಟಕ ಕಟ್ಟಿದರು. ಕಣ ಎಣಿಸುವ ಉಪಕರಣಗಳನ್ನು ವಿಮಾನಕ್ಕೆ ಹತ್ತಿಸಿ, ಸುಮಾರು 30,000 ಅಡಿ ಎತ್ತರದವರೆಗೆ ಅಳತೆ ಮಾಡಿಸಿದರು. 1941ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲು ಕೆಲಸ ಶುರುಮಾಡಿದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಮುಂಬೈಗೆ ಹೋಯಿತು. ಮುಂದೆ ಆ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಕೋಲಾರದ ಚಿನ್ನದ ಗಣಿಗೆ ಇಳಿದು ಮ್ಯೂಯಾನ್ ಎಣಿಸಿದರು. ಬಂಡೆಯನ್ನು ತೂರಿ ಅಲ್ಲಿಗೂ ಅವು ಬಂದಿದ್ದವು.

1966ರ ಜನವರಿ 24ರಂದು ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಬಳಿ ನಡೆದ ಏರ್ ಇಂಡಿಯಾ ವಿಮಾನ ದುರಂತದಲ್ಲಿ ಭಾಭಾ ತೀರಿಕೊಂಡರು.

ಹಾಗಾದರೆ ಮೆಸೇಜ್ ನಿಜವೇ?

ಅಲ್ಲ. ಕಾಸ್ಮಿಕ್ ಕಿರಣಗಳು ರಾತ್ರಿ ಮೂರು ಗಂಟೆ ಮಾತ್ರ ಬಂದುಹೋಗುವ ಅತಿಥಿಗಳಲ್ಲ. ಹಗಲು ರಾತ್ರಿ ಎನ್ನದೆ, ಸೆಕೆಂಡಿಗೆ ಸುಮಾರು ಒಂದು ಮ್ಯೂಯಾನ್ ನಿಮ್ಮ ಅಂಗೈಯನ್ನು ದಾಟಿ ಹೋಗುತ್ತಿರುತ್ತದೆ. ಮೊಬೈಲ್ ಅವುಗಳನ್ನು ಎಳೆದುಕೊಳ್ಳುವುದಿಲ್ಲ. ಆಫ್ ಮಾಡಿದರೆ ಅವು ನಿಲ್ಲುವುದೂ ಇಲ್ಲ. ತೀವ್ರ ಸೌರ ಚಂಡಮಾರುತಗಳು ಉಪಗ್ರಹಗಳಿಗೆ ತೊಂದರೆ ಕೊಡಬಲ್ಲವು, ನಿಜ. ಆದರೆ ನೆಲದ ಮೇಲಿರುವ ನಮಗೆ ದಪ್ಪ ವಾತಾವರಣ ಮತ್ತು ಭೂಮಿಯ ಕಾಂತಕ್ಷೇತ್ರ, ಎರಡರ ರಕ್ಷಣೆಯೂ ಇದೆ. ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ಭಾಗದಲ್ಲಿ ಕಾಂತಕ್ಷೇತ್ರದ ತಡೆ ಇನ್ನೂ ಗಟ್ಟಿ.

ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆಂಬುಲೆನ್ಸ್ ಕರೆಯಲು ಬೇಕಾಗುವುದು ಅದೇ ಮೊಬೈಲ್. ಆ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಈ ಲೆಕ್ಕವನ್ನು ಕಳಿಸಿ.