ಜಮ್‌ಷೆಟ್‌ಜಿ ನಸರ್ವಾನ್‌ಜಿ ಟಾಟಾ (1839–1904): ಜೀವನ ಪರಿಚಯ

ಉನ್ನತ ವ್ಯಾಸಂಗಕ್ಕಾಗಿ ವಿದ್ಯಾರ್ಥಿ ವೇತನ ಅಥವಾ ಶಿಕ್ಷಣ ಸಾಲ ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ, ತಮ್ಮ ಸಂಪತ್ತಿನ ಬಹುಭಾಗವನ್ನು ವಿದ್ಯೆಗಾಗಿ ಮೀಸಲಿಟ್ಟ ಉದ್ಯಮಿಯೊಬ್ಬರ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಶ್ರೀ ಜಮ್‌ಷೆಟ್‌ಜಿ ಟಾಟಾ ಅವರು 1839ರ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಪಾರ್ಸಿ ಪುರೋಹಿತ ಮನೆತನದಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಪೂರೈಸಿ ತಂದೆಯವರ ವ್ಯಾಪಾರವನ್ನು ಸೇರಿದರು.

ಅದು ಮುಂಬಯಿ ನಗರವು ಹಣದ ಹುಚ್ಚಿಗೆ ಸಿಲುಕಿದ್ದ ಕಾಲ. ಅಮೆರಿಕದ ಅಂತರ್ಯುದ್ಧದಿಂದ (1861–65) ಅಲ್ಲಿನ ಹತ್ತಿಯ ಸರಬರಾಜು ನಿಂತು, ಭಾರತದ ಹತ್ತಿಗೆ ಕಂಡರಿಯದ ಬೆಲೆ ಬಂದಿತು. ಕೈಸೇರಿದ ಹಣವೆಲ್ಲ ಷೇರುಗಳ ಸಟ್ಟಾ ವ್ಯವಹಾರಕ್ಕೆ ಹರಿಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು ಅನೇಕ ಮನೆತನಗಳು ದಿವಾಳಿಯಾದವು. ಟಾಟಾ ಮನೆತನವೂ ಅದರ ಪೆಟ್ಟು ತಿಂದಿತು. ಆಗ ಲಂಡನ್ನಿನಲ್ಲಿದ್ದ ಜಮ್‌ಷೆಟ್‌ಜಿಯವರು ಸಾಲಗಾರರಿಂದ ತಲೆಮರೆಸಿಕೊಳ್ಳದೆ, ಇದ್ದ ಸ್ಥಿತಿಯನ್ನು ಇದ್ದಂತೆ ಅವರ ಮುಂದಿಟ್ಟು ಕಾಲಾವಕಾಶ ಪಡೆದರು. ಅವರ ಮುಂದಿನ ನಡೆಯನ್ನು ಅರಿಯಲು ಈ ಅನುಭವವೇ ಕೀಲಿಕೈ ಎನ್ನಬಹುದು.

1868ರಲ್ಲಿ 21,000 ರೂಪಾಯಿಗಳ ಬಂಡವಾಳದೊಂದಿಗೆ ಅವರು ಸ್ವಂತ ವ್ಯಾಪಾರ ಆರಂಭಿಸಿದರು. 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್ ಪ್ರಾರಂಭವಾಯಿತು. ಅಲ್ಲಿನ ಜೌಗು ನೆಲವನ್ನು ತುಂಬಿಸುವುದೆಂದರೆ ಚಿನ್ನವನ್ನು ಮಣ್ಣಿಗೆ ಸುರಿದಂತೆ ಎಂದು ಸಾಲ ನಿರಾಕರಿಸಿದ ಸಾಹುಕಾರರೊಬ್ಬರು, ಮಣ್ಣು ಹಾಕಿ ಚಿನ್ನ ತೆಗೆದರೆಂದು ಮುಂದೆ ಒಪ್ಪಿಕೊಂಡರೆಂಬ ಪ್ರತೀತಿಯಿದೆ. ಕಾರ್ಮಿಕರು ಮೇಲಿಂದ ಮೇಲೆ ಗೈರುಹಾಜರಾಗುತ್ತಿದ್ದಾಗ ಅವರು ದಂಡ ವಿಧಿಸುವ ಮಾರ್ಗವನ್ನು ಹಿಡಿಯಲಿಲ್ಲ. 1886ರಲ್ಲಿ ಪಿಂಚಣಿ ನಿಧಿಯನ್ನು, 1895ರಲ್ಲಿ ಅಪಘಾತ ಪರಿಹಾರವನ್ನು ಜಾರಿಗೆ ತಂದರು. ಕಾರ್ಮಿಕರ ಪರಿಹಾರಕ್ಕೆ ದೇಶದಲ್ಲಿ ಕಾನೂನು ಬಂದದ್ದು 1923ರಲ್ಲಿ. ಭವಿಷ್ಯ ನಿಧಿಯ ಕಾನೂನು 1952ರಲ್ಲಿ.

ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡುವವರಿಗಾಗಿ 1892ರಲ್ಲಿ ಜೆ.ಎನ್. ಟಾಟಾ ದತ್ತಿ ನಿಧಿಯನ್ನು ಸ್ಥಾಪಿಸಿದರು. ಇದು ದಾನವಾಗಿರದೆ ಸಾಲದ ರೂಪದಲ್ಲಿದ್ದುದು ಗಮನಾರ್ಹ. ಒಬ್ಬ ವಿದ್ಯಾರ್ಥಿ ಹಿಂದಿರುಗಿಸಿದ ಹಣ ಇನ್ನೊಬ್ಬ ವಿದ್ಯಾರ್ಥಿಗೆ ದೊರೆಯುತ್ತಿತ್ತು.

ಭಾರತದಲ್ಲಿಯೇ ಸಂಶೋಧನಾ ಸಂಸ್ಥೆಯೊಂದು ಇರಬೇಕೆಂಬುದು ಅವರ ಬಹುಕಾಲದ ಬಯಕೆಯಾಗಿತ್ತು. ಇದಕ್ಕಾಗಿ ತಮ್ಮ ಸ್ವಂತ ಸಂಪತ್ತಿನ ಅರ್ಧದಷ್ಟನ್ನು, ಅಂದರೆ ಮುಂಬಯಿಯಲ್ಲಿದ್ದ 14 ಕಟ್ಟಡಗಳು ಮತ್ತು 4 ಭೂ ಆಸ್ತಿಗಳನ್ನು ಮೀಸಲಿಟ್ಟರು. ಅಂದಿನ ಲೆಕ್ಕದಲ್ಲಿ ಅವುಗಳ ಮೌಲ್ಯ ಸುಮಾರು 30 ಲಕ್ಷ ರೂಪಾಯಿಗಳು. ಹಣವಿದ್ದರೂ ಕೆಲಸ ಸಾಗಲಿಲ್ಲ. 1898ರ ಡಿಸೆಂಬರ್‌ನಲ್ಲಿ ನಿಯೋಗವೊಂದು ನಿಯೋಜಿತ ವೈಸ್‌ರಾಯ್ ಲಾರ್ಡ್ ಕರ್ಜನ್ ಅವರನ್ನು ಕಂಡಾಗ, ವಿದ್ಯಾರ್ಥಿಗಳು ಸಿಗುವರೇ, ಕಲಿತವರಿಗೆ ಉದ್ಯೋಗ ದೊರೆಯುವುದೇ ಎಂಬ ಸಂದೇಹಗಳು ಎದುರಾದವು. 1900ರಲ್ಲಿ ದೇಶ ಸುತ್ತಿದ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಅವರು ಬೆಂಗಳೂರನ್ನು ಸೂಕ್ತ ಸ್ಥಳವೆಂದು ಶಿಫಾರಸು ಮಾಡಿದರು. ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಒಲವೂ ಈ ಯೋಜನೆಗಿತ್ತು. ಆದರೂ ಕಡತವು ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿಯಿತು.

ಮುಂಬಯಿಯ ತಾಜ್ ಮಹಲ್ ಹೋಟೆಲ್ 1903ರಲ್ಲಿ ತೆರೆಯಿತು. ಉಕ್ಕಿನ ಕಾರ್ಖಾನೆ, ಜಲವಿದ್ಯುತ್, ಸಂಶೋಧನಾ ಸಂಸ್ಥೆ ಇವು ಮೂರನ್ನೂ ಅವರು ಕಣ್ಣಾರೆ ಕಾಣಲಿಲ್ಲ. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ನಿಧನರಾದರು.

ಪುತ್ರರಾದ ದೊರಾಬ್‌ಜಿ ಮತ್ತು ರತನ್ ಅವರು ತಂದೆಯ ಸಂಕಲ್ಪವನ್ನು ಕೈಬಿಡಲಿಲ್ಲ. ತಮ್ಮ ಪಾಲಿಗೆ ಬರಬಹುದಾಗಿದ್ದ ಆಸ್ತಿಯನ್ನು ಹೀಗೆ ಬಿಟ್ಟುಕೊಡುವುದು ಸುಲಭದ ಮಾತಲ್ಲ. ಮೈಸೂರು ಸಂಸ್ಥಾನವು 1907ರಲ್ಲಿ ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ನೀಡಿತಲ್ಲದೆ ಧನಸಹಾಯವನ್ನೂ ಒದಗಿಸಿತು. 1909ರ ಮೇ 27ರಂದು ಸಂಸ್ಥೆ ಅಧಿಕೃತವಾಗಿ ಅಸ್ತಿತ್ವಕ್ಕೆ ಬಂದು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಪ್ರವೇಶ ಪಡೆದರು.

ಈ ಸಂಸ್ಥೆಗೆ ತಮ್ಮ ಹೆಸರು ಬೇಡವೆಂಬುದು ಜಮ್‌ಷೆಟ್‌ಜಿಯವರ ಇಚ್ಛೆಯಾಗಿತ್ತು. ಅದರಂತೆ ದಾಖಲೆಗಳಲ್ಲಿ ಇದು ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನ ಹಳಬರಿಗೆ ಮಾತ್ರ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಆಟೋದವರಿಗೂ ಹಾಗೆಂದರೇ ದಾರಿ ಗೊತ್ತಾಗುತ್ತದೆ.